ಬರಿಗೈಯಲ್ಲಿ ಬನ್ನಿ

ನಿಮ್ಮ ಅಜ್ಜನ ಹುಟ್ಟುಹಬ್ಬ ಯಾವ ದಿನ ಬರುತ್ತದೆ? ಇಂದು ಮನೆಗೆ ಹೋದ ಮೇಲೆ ಕೇಳಿ ನೋಡಿ. ಸೊಲ್ಲಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಬಹಳಷ್ಟು ಅಜ್ಜಂದಿರು ಒಂದೇ ಉತ್ತರ ಕೊಡುತ್ತಾರೆ: ಜೂನ್ 1. ಇಷ್ಟೊಂದು ಜನ ಒಂದೇ ದಿನ ಹುಟ್ಟಲು ಹೇಗೆ ಸಾಧ್ಯ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣ ಸರಳವಾಗಿದೆ. ಆಗಿನ ಕಾಲದಲ್ಲಿ ಹಳ್ಳಿಯ ಮನೆಗಳಲ್ಲಿ ಮಗು ಹುಟ್ಟಿದ ತಾರೀಖನ್ನು ಬರೆದಿಡುವ ರೂಢಿ ಇರಲಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಕರೆತಂದಾಗ ಗುರುಗಳು, "ಇವನು ಹುಟ್ಟಿದ್ದು ಯಾವಾಗ?" ಎಂದು ಕೇಳುತ್ತಿದ್ದರು. "ದೊಡ್ಡ ಮಳೆ ಬಂದ ವರ್ಷ, ಜೋಳ ಕೊಯ್ಯುವಾಗ" ಎಂದು ತಾಯಿ ಹೇಳುತ್ತಿದ್ದಳು. ಶಾಲೆಯ ದಾಖಲೆಯಲ್ಲಿ ಹಾಗೆ ಬರೆಯಲು ಬರುವುದಿಲ್ಲವಲ್ಲ! ಶಾಲೆಯ ವರ್ಷ ಆರಂಭವಾಗುವುದು ಜೂನ್ ತಿಂಗಳಲ್ಲಿ. ಆದ್ದರಿಂದ ಗುರುಗಳು ಮಗುವಿನ ಮುಖ ನೋಡಿ, ಅಂದಾಜಿನಿಂದ ವರ್ಷ ಹಾಕಿ, ಅದರ ಹಿಂದೆ 'ಜೂನ್ 1' ಎಂದು ಬರೆದುಬಿಡುತ್ತಿದ್ದರು. ಮಹಾರಾಷ್ಟ್ರದ ತುಂಬ ಇಂಥ ಹುಟ್ಟುಹಬ್ಬಗಳು ಸಿಗುತ್ತವೆ.

ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಆ ಜೂನ್ 1 ಕೂಡ ಇಲ್ಲ. "ನಿಮ್ಮಪ್ಪ ಹುಟ್ಟಿದ್ದು 72ರ ಬರದಾಗ" ಎಂದು ಅವಳು ಮಗನ ಲೆಕ್ಕವನ್ನು ಹೇಳಬಲ್ಲಳು. 1972ರಲ್ಲಿ ಮಹಾರಾಷ್ಟ್ರದಲ್ಲಿ ಬಿದ್ದ ಭೀಕರ ಬರಗಾಲವನ್ನು ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಹೀಗೆಯೇ ನೆನೆಯುತ್ತಾರೆ. ಆದರೆ ತಾನು ಹುಟ್ಟಿದ ದಿನವನ್ನು ಕೇಳಿದರೆ ಅಜ್ಜಿ ನಕ್ಕು ಸುಮ್ಮನಾಗುತ್ತಾಳೆ. ಜನನ ಮತ್ತು ಮರಣಗಳನ್ನು ನೋಂದಾಯಿಸುವ ಕಾನೂನು ಇಡೀ ದೇಶಕ್ಕೆ ಒಂದೇ ರೀತಿಯಲ್ಲಿ ಬಂದುದೇ 1969ರಲ್ಲಿ. ಅದು ಹಳ್ಳಿಹಳ್ಳಿಗೆ ಮುಟ್ಟಿ, ಜನರಿಗೆ ರೂಢಿಯಾಗಲು ಇನ್ನೂ ಎಷ್ಟೋ ವರ್ಷಗಳು ಬೇಕಾದವು.

ಅರಮನೆಗಳಲ್ಲಿ ಮತ್ತು ಪಂಚಾಂಗ ನೋಡುವ ಮನೆಗಳಲ್ಲಿ ಜನ್ಮತಿಥಿಯನ್ನು ಆಚರಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಉಳಿದವರ ಮನೆಗೆ ಹುಟ್ಟುಹಬ್ಬ ಬಂದುದು ಇತ್ತೀಚೆಗೆ. ಕೇಕು, ಮೇಣದಬತ್ತಿಗಳಂತೂ ಬಹಳ ದೂರದಿಂದ ಬಂದವು. 1746ರಲ್ಲಿ ಜರ್ಮನಿಯ ಕೌಂಟ್ ಜಿನ್ಜೆಂಡಾರ್ಫ್ ಎಂಬ ಶ್ರೀಮಂತನ ಹುಟ್ಟುಹಬ್ಬಕ್ಕೆ ಭಾರಿ ಗಾತ್ರದ ಕೇಕನ್ನು ಮಾಡಿ, ಅವನ ವಯಸ್ಸಿನಷ್ಟು ತೂತುಗಳನ್ನು ಕೊರೆದು ಮೇಣದಬತ್ತಿಗಳನ್ನು ನಿಲ್ಲಿಸಿದ್ದರೆಂದು ಒಬ್ಬ ಪ್ರತ್ಯಕ್ಷದರ್ಶಿ ಬರೆದಿಟ್ಟಿದ್ದಾನೆ. ನಮ್ಮ ದೇಶದಲ್ಲಿ 1883ರಲ್ಲಿ ಕೇರಳದ ತಲಶ್ಶೇರಿಯ ಬೇಕರಿಯೊಂದರಲ್ಲಿ ಮೊದಲ ಕೇಕು ತಯಾರಾಯಿತೆಂದು ಹೇಳುತ್ತಾರೆ. ಅದು ಹುಟ್ಟುಹಬ್ಬದ ಕೇಕಲ್ಲ, ಕ್ರಿಸ್‌ಮಸ್ ಹಬ್ಬದ ಕೇಕು. ಈಗ ಅಕ್ಕಲಕೋಟೆ ತಾಲೂಕಿನ ದುಧನಿ, ಮೈಂದರ್ಗಿಯಂಥ ಊರುಗಳಲ್ಲಿಯೂ ಕೇಕು ಸಿಗುತ್ತದೆ.

ಮಕ್ಕಳೇ, ಕೇಕು ಬಂದುದರ ಬಗ್ಗೆ ದೂರು ಹೇಳಲು ನಾನು ಹೊರಟಿಲ್ಲ. ಬೇರೆ ಕಡೆಯಿಂದ ಬಂದುದೆಲ್ಲ ಕೆಟ್ಟದ್ದಾಗಿದ್ದರೆ ನಾವು ಮೆಣಸಿನಕಾಯಿಯನ್ನೂ ಶೇಂಗಾವನ್ನೂ ತಿನ್ನುವಂತಿರಲಿಲ್ಲ. ಅವೆರಡೂ ಸಮುದ್ರದಾಚೆಯಿಂದ ಬಂದವುಗಳೇ. ಅವಿಲ್ಲದೆ ಸೊಲ್ಲಾಪುರದ ಚಟ್ನಿ ಎಲ್ಲಿಂದ ಬರಬೇಕು? ನಾನು ಹೇಳಬೇಕೆಂದಿರುವುದು ಕೇಕಿನ ಜೊತೆಗೆ ಬಂದ ಇನ್ನೊಂದು ಸಂಗತಿಯನ್ನು. ಅದೇ ಉಡುಗೊರೆ.

ಸೊಲ್ಲಾಪುರ ನಗರದ ಒಂದು ಓಣಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಕ್ಕಲಕೋಟೆ ರಸ್ತೆಯ ಕಡೆಗೆ, ಯಂತ್ರಮಗ್ಗಗಳ ಸದ್ದು ಕೇಳುವಂಥ ಓಣಿ ಎನ್ನೋಣ. ಒಂದು ಮನೆಯಲ್ಲಿ ಹುಟ್ಟುಹಬ್ಬ. ಬಾಗಿಲಿಗೆ ಬಣ್ಣಬಣ್ಣದ ಬಲೂನುಗಳನ್ನು ಕಟ್ಟಿದ್ದಾರೆ. ಧ್ವನಿವರ್ಧಕದಲ್ಲಿ ಹಾಡು ಕೇಳಿಬರುತ್ತಿದೆ. ಕರೆದ ಹತ್ತು ಮಕ್ಕಳಲ್ಲಿ ಒಂಬತ್ತು ಜನ ಬಂದಿದ್ದಾರೆ. ಒಬ್ಬಳು ಬಂದಿಲ್ಲ. ಮರುದಿನ ಶಾಲೆಯಲ್ಲಿ ಕೇಳಿದರೆ "ತಲೆನೋವು ಬಂದಿತ್ತು" ಎನ್ನುತ್ತಾಳೆ. ಅವಳಿಗೆ ತಲೆನೋವು ಬಂದಿರಲಿಲ್ಲ. ಅವಳ ತಾಯಿ ಬೀಡಿ ಕಟ್ಟುತ್ತಾಳೆ. ಬೀಡಿಯ ಕೂಲಿಯನ್ನು ಸಾವಿರದ ಲೆಕ್ಕದಲ್ಲಿ ಕೊಡುತ್ತಾರೆ. ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಸಾವಿರ ಬೀಡಿ ಮುಗಿಸಲು ಹೆಚ್ಚು ಕಡಿಮೆ ಇಡೀ ದಿನ ಬೇಕು. ಆ ವಾರದಲ್ಲಿ ಗೆಳತಿಯ ಉಡುಗೊರೆಗೆಂದು ತೆಗೆದಿಡಲು ಆ ಮನೆಯಲ್ಲಿ ಹಣ ಇರಲಿಲ್ಲ. ಬರಿಗೈಯಲ್ಲಿ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಅಷ್ಟೇ ನಡೆದದ್ದು.

ಇಂಥ ಒಬ್ಬ ಹುಡುಗಿಯೋ ಹುಡುಗನೋ ಪ್ರತಿಯೊಂದು ವರ್ಗದಲ್ಲಿ ಇರುತ್ತಾರೆ. ನಿಮ್ಮ ವರ್ಗದಲ್ಲಿಯೂ ಇರಬಹುದು. ಒಮ್ಮೊಮ್ಮೆ ಅದು ನೀವೇ ಆಗಿರಬಹುದು. ಹುಟ್ಟುಹಬ್ಬದ ಖರ್ಚು ಎಂದರೆ ಕರೆದವರ ಮನೆಯ ಖರ್ಚು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕೇಕಿಗೆ ಇಷ್ಟು, ತಿಂಡಿಗೆ ಇಷ್ಟು, ಬಲೂನಿಗೆ ಇಷ್ಟು ಎಂದು ಲೆಕ್ಕ ಹಾಕುತ್ತೇವೆ. ಕರೆಸಿಕೊಂಡವರ ಮನೆಯಲ್ಲಿ ಆಗುವ ಖರ್ಚು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ನಮ್ಮ ಕಡೆ ಇದಕ್ಕೆ ಒಂದು ಹಳೆಯ ಹೆಸರಿದೆ: ಮುಯ್ಯಿ. ಮರಾಠಿಯಲ್ಲಿ 'ಆಹೇರ' ಎನ್ನುತ್ತಾರೆ. ಮದುವೆಯ ಮನೆಯಲ್ಲಿ ಒಬ್ಬರು ವಹಿ ಹಿಡಿದು ಕುಳಿತು, ಯಾರು ಏನು ಕೊಟ್ಟರು, ಎಷ್ಟು ಕೊಟ್ಟರು ಎಂದು ಬರೆದುಕೊಳ್ಳುವುದನ್ನು ನೀವು ನೋಡಿರಬಹುದು. ಮುಂದೆ ಅವರ ಮನೆಯಲ್ಲಿ ಮದುವೆಯಾದಾಗ ಆ ವಹಿಯನ್ನು ತೆಗೆದು ನೋಡುತ್ತಾರೆ. ಅವರು ಕೊಟ್ಟಷ್ಟನ್ನು, ಸಾಧ್ಯವಾದರೆ ಸ್ವಲ್ಪ ಹೆಚ್ಚನ್ನೇ ಕೊಟ್ಟು ಬರುತ್ತಾರೆ. ಇದು ಕೆಟ್ಟ ಪದ್ಧತಿಯೇನಲ್ಲ. ಮದುವೆ ಎಂದರೆ ಒಂದು ಮನೆಗೆ ಒಮ್ಮೆಲೇ ಬಂದು ಬೀಳುವ ದೊಡ್ಡ ಹೊರೆ. ಆಗ ಬಂಧುಗಳು ಕಾಳು, ಬಟ್ಟೆ, ಪಾತ್ರೆ, ರೊಕ್ಕ ಕೊಟ್ಟು ಆ ಹೊರೆಗೆ ಹೆಗಲು ಕೊಡುತ್ತಿದ್ದರು. ಪಡೆದವನು ಅದನ್ನು ತೀರಿಸಲು ಹತ್ತಿಪ್ಪತ್ತು ವರ್ಷಗಳ ಕಾಲಾವಕಾಶವೂ ಇರುತ್ತಿತ್ತು. ಬಡ್ಡಿಯಿಲ್ಲದ ಸಾಲವೆಂದು ಬೇಕಾದರೆ ಕರೆಯಿರಿ.

ಅದೇ ಮುಯ್ಯಿ ಮಕ್ಕಳ ಹುಟ್ಟುಹಬ್ಬಕ್ಕೆ ಬಂದಾಗ ಅದರ ಗುಣವೇ ಬದಲಾಗುತ್ತದೆ. ಹುಟ್ಟುಹಬ್ಬ ಪ್ರತಿವರ್ಷ ಬರುತ್ತದೆ. ಸಾಲ ಮಾಡಿಕೊಳ್ಳುವವರು ಮಕ್ಕಳು, ತೀರಿಸುವವರು ತಾಯಿತಂದೆಗಳು. ಇದರಿಂದ ಯಾರ ಹೊರೆಯೂ ಹಗುರವಾಗುವುದಿಲ್ಲ.

ಇದನ್ನು ಒಂದು ಗಣಿತದ ಮೂಲಕ ನೋಡೋಣ. ಒಂದು ವರ್ಗದಲ್ಲಿ 30 ಮಕ್ಕಳಿದ್ದಾರೆ ಎಂದು ತಿಳಿಯಿರಿ. ಪ್ರತಿಯೊಬ್ಬರೂ ಉಳಿದ 29 ಜನರ ಹುಟ್ಟುಹಬ್ಬಕ್ಕೆ ಹೋಗಿ, ಒಂದೊಂದು ಉಡುಗೊರೆ ಕೊಡುತ್ತಾರೆ. ಒಂದು ಉಡುಗೊರೆಗೆ ಕೇವಲ 50 ರೂಪಾಯಿ ಹಿಡಿಯೋಣ. ಹಾಗಾದರೆ ಒಂದು ಮನೆಗೆ ವರ್ಷಕ್ಕೆ 29 × 50, ಅಂದರೆ 1,450 ರೂಪಾಯಿ ಖರ್ಚು. ವರ್ಗದಲ್ಲಿ ಒಟ್ಟು ಕೈಬದಲಾದ ಉಡುಗೊರೆಗಳು 870. ಅವುಗಳ ಬೆಲೆ 43,500 ರೂಪಾಯಿ. ಇಷ್ಟಾದ ಮೇಲೆ ಯಾರಿಗೆ ಏನು ಲಾಭವಾಯಿತು? ಪ್ರತಿಯೊಂದು ಮನೆಯಿಂದ 29 ವಸ್ತುಗಳು ಹೊರಗೆ ಹೋದವು, 29 ವಸ್ತುಗಳು ಒಳಗೆ ಬಂದವು. ಬಂದವುಗಳಲ್ಲಿ ಎಷ್ಟು ಕಂಪಾಸು ಪೆಟ್ಟಿಗೆಗಳು, ಎಷ್ಟು ನೀರಿನ ಬಾಟಲಿಗಳು ಇರುತ್ತವೆಂಬುದನ್ನು ನೀವೇ ಊಹಿಸಿರಿ. ಹೆಚ್ಚಾದುದನ್ನು ಅಟ್ಟದ ಮೇಲಿಟ್ಟು, ಅದೇ ಬಣ್ಣದ ಕಾಗದದಲ್ಲಿ ಮುಂದಿನ ಹುಟ್ಟುಹಬ್ಬಕ್ಕೆ ಸಾಗಿಸುವುದು ಎಲ್ಲ ಮನೆಗಳಿಗೂ ಗೊತ್ತಿರುವ ಗುಟ್ಟು. ಒಂದು ಕಂಪಾಸು ಪೆಟ್ಟಿಗೆ ನಾಲ್ಕು ಮನೆ ತಿರುಗಿ, ಮೊದಲು ಕೊಂಡವರ ಮನೆಗೇ ಮರಳಿ ಬಂದರೂ ಆಶ್ಚರ್ಯವಿಲ್ಲ!

ಈಚಿನ ವರ್ಷಗಳಲ್ಲಿ 'ರಿಟರ್ನ್ ಗಿಫ್ಟ್' ಎಂಬ ಇನ್ನೊಂದು ರೂಢಿ ಸೇರಿಕೊಂಡಿದೆ. ಬಂದ ಮಕ್ಕಳಿಗೆಲ್ಲ ಹೋಗುವಾಗ ಒಂದೊಂದು ಪೊಟ್ಟಣ ಕೊಡುವುದು. ಮುಯ್ಯಿ ತೀರಿಸಲು ಹತ್ತು ವರ್ಷ ಕಾಯುತ್ತಿದ್ದ ಜನ ಈಗ ಹತ್ತು ನಿಮಿಷವೂ ಕಾಯುವುದಿಲ್ಲ ಎನ್ನಬೇಕು.

ಉಡುಗೊರೆಯಿಲ್ಲದೆ ಮಕ್ಕಳ ಸಂಭ್ರಮ ನಡೆಯುವುದೇ ಇಲ್ಲವೇ? ನಮ್ಮ ಜಿಲ್ಲೆಯಲ್ಲಿಯೇ ನಡೆಯುತ್ತದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗುಗ್ಗರಿ ಹಂಚುವುದನ್ನು ನೀವು ನೋಡಿದ್ದೀರಿ. ಕಡಲೆ, ಗೋಧಿ ಮುಂತಾದ ಕಾಳುಗಳನ್ನು ಕುದಿಸಿ, ಓಣಿಯ ಮಕ್ಕಳನ್ನೆಲ್ಲ ಕರೆದು ಕೈತುಂಬ ಕೊಡುತ್ತಾರೆ. ಗುಗ್ಗರಿ ಇಸಿದುಕೊಳ್ಳಲು ಬಂದ ಹುಡುಗನನ್ನು 'ನೀನೇನು ತಂದೆ?' ಎಂದು ಯಾರೂ ಕೇಳುವುದಿಲ್ಲ.

ಇದಕ್ಕಿಂತ ಸೊಗಸಾದುದು ಸಂಕ್ರಾಂತಿಯ ಬೋರೆಹಣ್ಣಿನ ಸಂಭ್ರಮ. ಮರಾಠಿ ಮನೆಗಳಲ್ಲಿ ಇದನ್ನು 'ಬೋರನ್ಹಾಣ' ಎನ್ನುತ್ತಾರೆ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆಯ ನಂದಿಕೋಲುಗಳ ಮೆರವಣಿಗೆ ನಡೆಯುವುದು ಇದೇ ಸಂಕ್ರಾಂತಿಯ ಕಾಲದಲ್ಲಿ. ಆಗಿನಿಂದ ರಥಸಪ್ತಮಿಯವರೆಗೆ ಯಾವುದಾದರೊಂದು ಸಾಯಂಕಾಲ ಚಿಕ್ಕ ಮಗುವಿಗೆ ಕಪ್ಪು ಬಟ್ಟೆ ತೊಡಿಸುತ್ತಾರೆ. ಸಕ್ಕರೆಯ ಕುಸುರೆಳ್ಳಿನಿಂದ ಮಾಡಿದ ಹಾರ, ಕಿರೀಟ, ಬಳೆಗಳಿಂದ ಅಲಂಕರಿಸುತ್ತಾರೆ. ಮಣೆಯ ಮೇಲೆ ಕೂಡ್ರಿಸಿ ಆರತಿ ಬೆಳಗುತ್ತಾರೆ. ಬಳಿಕ ಬೋರೆಹಣ್ಣು, ಕಬ್ಬಿನ ತುಂಡು, ಚುರಮುರಿ, ಶೇಂಗಾ, ಹಸಿಗಡಲೆ, ಬತ್ತಾಸು ಎಲ್ಲವನ್ನೂ ಬೆರೆಸಿ, ಮಗುವಿನ ತಲೆಯ ಮೇಲಿಂದ ಮಳೆಯಂತೆ ಸುರಿಯುತ್ತಾರೆ. ಸುತ್ತಲೂ ಕಾದು ಕುಳಿತ ಮಕ್ಕಳು ಒಮ್ಮೆಲೇ ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಕಿಸೆ ತುಂಬಿದವರು ಅಂಗಿಯ ಚುಂಗಿನಲ್ಲಿ ತುಂಬಿಕೊಳ್ಳುತ್ತಾರೆ. ಮಣೆಯ ಮೇಲಿನ ಮಗು ಒಮ್ಮೊಮ್ಮೆ ಹೆದರಿ ಅಳುತ್ತದೆ, ಒಮ್ಮೊಮ್ಮೆ ತಾನೂ ಇಳಿದು ಆರಿಸಲು ತೊಡಗುತ್ತದೆ. ಬಂದ ಮಕ್ಕಳು ಬರಿಗೈಯಲ್ಲಿ ಬಂದು, ಕಿಸೆ ತುಂಬಿಕೊಂಡು ಹೋಗುತ್ತಾರೆ. ಆ ಕಾಲದಲ್ಲಿ ಹೊಲದಲ್ಲಿ ಬೆಳೆದದ್ದೇ ಇಲ್ಲಿಯ ಖರ್ಚು. ಈಗ ಕೆಲವರು ಇದಕ್ಕೂ ಚಾಕಲೇಟು, ಆಟಿಗೆಗಳನ್ನು ಸೇರಿಸಿ ದುಬಾರಿ ಮಾಡುತ್ತಿದ್ದಾರೆ. ಅದು ಬೇರೆ ಮಾತು.

ಅಕ್ಕಲಕೋಟೆಗೆ ಹೋದವರು ಸ್ವಾಮಿ ಸಮರ್ಥರ ದರ್ಶನದ ನಂತರ ಅನ್ನಛತ್ರದಲ್ಲಿ ಊಟ ಮಾಡಿರಬಹುದು. 1988ರಿಂದ ಅಲ್ಲಿಯ ಅನ್ನಛತ್ರ ಮಂಡಳವು ಬಂದ ಭಕ್ತರಿಗೆ ಉಚಿತವಾಗಿ ಊಟ ಬಡಿಸುತ್ತಿದೆ. ಮುಂಬೈಯಿಂದ ಕಾರಿನಲ್ಲಿ ಬಂದವರೂ ಪಕ್ಕದ ಹಳ್ಳಿಯಿಂದ ನಡೆದು ಬಂದವರೂ ಅಲ್ಲಿ ಒಂದೇ ಊಟವನ್ನು ಮಾಡುತ್ತಾರೆ. ಊಟದ ಮೊದಲು ಯಾರ ಕೈಯನ್ನೂ ಯಾರೂ ನೋಡುವುದಿಲ್ಲ. ಹುಟ್ಟುಹಬ್ಬದ ಕೂಟಕ್ಕೂ ಈ ಗುಣ ಬರುವಂತೆ ಮಾಡುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಆಮಂತ್ರಣದಿಂದ ಆರಂಭಿಸೋಣ. ಹೆಚ್ಚಿನ ಕೆಲಸ ಇರುವುದು ಇಲ್ಲಿಯೇ. ಕೆಲವರು 'ಹುಟ್ಟುಹಬ್ಬ' ಎಂಬ ಮಾತನ್ನೇ ಮುಚ್ಚಿಟ್ಟು, "ಸುಮ್ಮನೆ ಆಡಲು ಬಾ" ಎಂದು ಕರೆಯುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಬಾಗಿಲಿಗೆ ಬಂದು ಬಲೂನು ನೋಡಿದ ಗೆಳೆಯನಿಗೆ ಏನೆನ್ನಿಸೀತು? ತಾನು ಏನೂ ತಂದಿಲ್ಲವೆಂದು ಅಲ್ಲಿಯೇ ಮುದುಡಿಕೊಳ್ಳುತ್ತಾನೆ. ಆದ್ದರಿಂದ ಹುಟ್ಟುಹಬ್ಬವೆಂದು ಹೇಳಬೇಕು, ಉಡುಗೊರೆ ಬೇಡವೆಂದೂ ಹೇಳಬೇಕು. 'ಉಡುಗೊರೆ ತರಲೇಬೇಕೆಂದಿಲ್ಲ' ಎಂಬಂಥ ಅರೆಮನಸ್ಸಿನ ಮಾತು ಬೇಡ. ಹಾಗೆಂದರೆ ಎಲ್ಲರೂ ತಂದೇ ತರುತ್ತಾರೆ. ಮದುವೆಯ ಪತ್ರಿಕೆಗಳಲ್ಲಿ 'ದಯವಿಟ್ಟು ಆಹೇರ ತರಬಾರದು' ಎಂದು ಅಚ್ಚು ಹಾಕಿಸುತ್ತಾರೆ. ಅದನ್ನು ಓದಿಯೂ ಜನ ಪಾಕೀಟು ಹಿಡಿದುಕೊಂಡೇ ಹೋಗುತ್ತಾರೆ. ಕಾಗದದ ಮಾತನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ನಂಬುವುದಿಲ್ಲ. ನಿಮ್ಮ ತಾಯಿ ಗೆಳೆಯನ ತಾಯಿಗೆ ನೀರಿನ ನಳದ ಹತ್ತಿರವೋ ಸಂತೆಯಲ್ಲಿಯೋ ಸಿಕ್ಕಾಗ ಬಾಯಿಬಿಟ್ಟು ಹೇಳಿದರೆ ಕೆಲಸವಾಗುತ್ತದೆ.

ಇಷ್ಟು ಹೇಳಿದರೂ ಮನೆಯಲ್ಲಿರುವ ಅಜ್ಜಿ ಒಂದು ಮಾತು ತೆಗೆಯುತ್ತಾಳೆ: "ದೇವರ ಹತ್ತಿರ, ಹಿರಿಯರ ಹತ್ತಿರ, ಕೂಸಿನ ಹತ್ತಿರ ಬರಿಗೈಯಲ್ಲಿ ಹೋಗಬಾರದು." ಅಜ್ಜಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಅವಳ ಕಾಲದಲ್ಲಿ ಕೈಯಲ್ಲಿ ಒಂದು ಹೂವೋ ಎರಡು ನಿಂಬೆಹಣ್ಣೋ ಇದ್ದರೆ ಕೈ ತುಂಬಿದ ಹಾಗೆಯೇ ಆಗುತ್ತಿತ್ತು. ಈ ಮಾತಿಗೆ ಒಂದು ಉಪಾಯವಿದೆ. ಆಮಂತ್ರಣವನ್ನು ಹೀಗೆ ಬರೆಯಿರಿ:

"ಬರುವ ರವಿವಾರ ನನ್ನ ಹುಟ್ಟುಹಬ್ಬ. ಸಾಯಂಕಾಲ 4 ಗಂಟೆಗೆ ನಮ್ಮ ಮನೆಗೆ ಬಾ. ಉಡುಗೊರೆ ತರಬೇಡ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನೆಯ ಹಿರಿಯರಿಂದ ಒಂದು ಒಗಟನ್ನು ಕೇಳಿಕೊಂಡು ಬಾ. ಒಗಟು ಸಿಗದಿದ್ದರೆ ಹಾಗೆಯೇ ಬಾ."

ಹತ್ತು ಜನ ಬಂದರೆ ಹತ್ತು ಒಗಟುಗಳಾಗುತ್ತವೆ. ಸಂಜೆಯ ಅರ್ಧ ಹೊತ್ತು ಅವುಗಳನ್ನು ಬಿಡಿಸುವುದರಲ್ಲಿಯೇ ಹೋಗುತ್ತದೆ. ನಮ್ಮ ಗಡಿಭಾಗದ ಮನೆಗಳಲ್ಲಿ ಕನ್ನಡದ ಒಗಟುಗಳಿವೆ, ಮರಾಠಿಯವೂ ಇವೆ, ಸೊಲ್ಲಾಪುರದ ಓಣಿಗಳಲ್ಲಾದರೆ ತೆಲುಗು ಮತ್ತು ಉರ್ದುವಿನವೂ ಸಿಗುತ್ತವೆ. ಒಂದು ಭಾಷೆಯ ಒಗಟನ್ನು ಇನ್ನೊಂದರಲ್ಲಿ ಹೇಳಲು ಹೋಗಿ ಎಡವುವುದೇ ಒಂದು ತಮಾಷೆ. ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಿ. ತಂದವರ ಹೆಸರನ್ನೂ ಬರೆಯಿರಿ. ಮುಯ್ಯಿಯ ವಹಿಯಂತೆಯೇ ಇದೂ ಒಂದು ವಹಿ, ಆದರೆ ತೀರಿಸಬೇಕಾಗಿಲ್ಲ.

ಬೇಡವೆಂದರೂ ಒಬ್ಬ ಗೆಳೆಯ ಪೊಟ್ಟಣ ಹಿಡಿದು ಬರಬಹುದು. ಅದನ್ನು ಮರಳಿಸಿ ಅವನನ್ನು ನೋಯಿಸಬಾರದು. ಸುಮ್ಮನೆ ತೆಗೆದುಕೊಂಡು ಒಳಗಿಡಿ. ಎಲ್ಲರ ಮುಂದೆ ಬಿಚ್ಚಬೇಡಿ. ಉಡುಗೊರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡುವುದೂ, ಒಂದೊಂದಾಗಿ ಬಿಚ್ಚಿ ತೋರಿಸುವುದೂ ಉಳಿದವರ ಕೈಗಳನ್ನು ಬರಿದಾಗಿಸುತ್ತವೆ.

ಯಾರನ್ನು ಕರೆಯಬೇಕು? ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಓಣಿಯ ಐದಾರು ಗೆಳೆಯರನ್ನು ಕರೆಯಿರಿ, ಇಲ್ಲವೇ ಇಡೀ ವರ್ಗವನ್ನು ಕರೆಯಿರಿ. 30 ಮಕ್ಕಳ ವರ್ಗದಲ್ಲಿ 25 ಜನರನ್ನು ಕರೆದು 4 ಜನರನ್ನು ಬಿಡುವುದು ಮಾತ್ರ ಬೇಡ. ಐದು ಜನರನ್ನು ಕರೆದರೆ ಉಳಿದವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನಾಲ್ವರನ್ನೇ ಬಿಟ್ಟರೆ ಆ ನಾಲ್ವರು ಮರೆಯುವುದಿಲ್ಲ.

ಸಾಯಂಕಾಲ 4ರಿಂದ 6ರ ಹೊತ್ತನ್ನು ಆರಿಸಲು ಕಾರಣವಿದೆ. ಅದು ಊಟದ ಹೊತ್ತಲ್ಲ, ತಿಂಡಿ ಸಾಕಾಗುತ್ತದೆ. ಚುರಮುರಿಯ ಸೂಸಲ, ಒಂದೊಂದು ಶೇಂಗಾ ಹೋಳಿಗೆ, ನಿಂಬೆಹಣ್ಣಿನ ಶರಬತ್ತು ಇದ್ದರೆ ಮಕ್ಕಳಿಗೆ ಅದೇ ಹಬ್ಬ. ಶೇಂಗಾ ಹೋಳಿಗೆ ಕೆಲವು ದಿನ ಕೆಡದೆ ಉಳಿಯುವುದರಿಂದ ಹಿಂದಿನ ದಿನವೇ ಮಾಡಿಡಬಹುದು. ತಾಯಿಗೆ ಆ ಸಂಜೆ ಒಲೆಯ ಮುಂದೆ ನಿಲ್ಲುವ ಕೆಲಸ ಉಳಿಯುವುದಿಲ್ಲ. ಕೇಕು ಬೇಕೇಬೇಕೆಂದು ತಮ್ಮ ಹಟ ಹಿಡಿದರೆ ಚಿಕ್ಕದೊಂದು ಇರಲಿ. ಆದರೆ ಅದರ ಮೇಲೆ ಉಫ್ ಎಂದು ಊದುವ ಮೊದಲು ಒಂದು ಸಂಗತಿ ತಿಳಿದಿರಲಿ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದಾಗ, ಮೇಣದಬತ್ತಿ ಊದಿ ಆರಿಸಿದ ಕೆನೆಯ ಮೇಲೆ ಊದದ ಕೆನೆಗಿಂತ ಸರಾಸರಿ 14 ಪಟ್ಟು ಹೆಚ್ಚು ಸೂಕ್ಷ್ಮಜೀವಿಗಳು ಕಂಡುಬಂದವು. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ಹೆದರಬೇಕಾಗಿಲ್ಲ. ನೆಗಡಿಯಾದವರು ಮಾತ್ರ ಊದದಿದ್ದರೆ ಒಳ್ಳೆಯದು. ತಟ್ಟೆಯಲ್ಲಿ ದೀಪ, ಕುಂಕುಮ, ಅಕ್ಷತೆ, ಅಡಿಕೆ, ಉಂಗುರ ಇಟ್ಟು ತಾಯಿಯೋ ಅಕ್ಕನೋ ಆರತಿ ಬೆಳಗಿ, ಬಾಯಿಗೆ ಸಕ್ಕರೆ ಹಾಕುವುದಕ್ಕೆ ಈ ತೊಂದರೆಯೂ ಇಲ್ಲ, ಖರ್ಚೂ ಇಲ್ಲ.

ಅಲಂಕಾರಕ್ಕೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಗೋಡೆಗೆ ಅಜ್ಜಿಯ ಇಳಕಲ್ ಸೀರೆ. ಕೂಡಲು ಸೊಲ್ಲಾಪುರದ ಚಾದರ. ಥರ್ಮೊಕೋಲಿನ ತಟ್ಟೆಗಳನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿಯೇ ನಿಷೇಧಿಸಿದೆ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳು, ಅಲಂಕಾರದ ಥರ್ಮೊಕೋಲು, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಗಳು ಕೂಡ ನಿಷಿದ್ಧವಾಗಿವೆ. ನೆರೆಮನೆಯಿಂದ ನಾಲ್ಕು ಸ್ಟೀಲಿನ ತಟ್ಟೆಗಳನ್ನು ಕೇಳಿ ತಂದರೆ ಯಾವ ಕಾನೂನಿನ ಭಯವೂ ಇಲ್ಲ. ತಟ್ಟೆ ಮರಳಿಸುವಾಗ ಅದರಲ್ಲಿ ಎರಡು ಹೋಳಿಗೆ ಇಟ್ಟು ಕೊಡುವುದು ನಿಮಗೆ ಗೊತ್ತೇ ಇದೆ. ಆಟಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ಲಗೋರಿಯಲ್ಲಿ ನೀವು ನನಗಿಂತ ಜಾಣರು.

ಇನ್ನು ಶಾಲೆಯ ಮಾತು. ಸೊಲ್ಲಾಪುರದಲ್ಲಿ ಹೊಲಿದ ಸಮವಸ್ತ್ರಗಳು ದೇಶದ ಅನೇಕ ಕಡೆಯ ಶಾಲೆಗಳಿಗೆ ಹೋಗುತ್ತವೆ. ಸಮವಸ್ತ್ರ ತೊಟ್ಟ ಸಾಲಿನಲ್ಲಿ ಯಾರು ಸಾಹುಕಾರನ ಮಗ, ಯಾರು ಕೂಲಿಕಾರನ ಮಗ ಎಂದು ಥಟ್ಟನೆ ತಿಳಿಯುವುದಿಲ್ಲ. ಆ ಸಾಲಿನ ನಡುವೆ ಒಬ್ಬರು ಬಣ್ಣದ ಬಟ್ಟೆ ತೊಟ್ಟು, ಚಾಕಲೇಟಿನ ಚೀಲ ಹಿಡಿದು ಬಂದರೆ ಅಂದು ಅವರ ಹುಟ್ಟುಹಬ್ಬ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ವರ್ಷದಲ್ಲಿ ಒಂದು ದಿನ ಹಾಗೆ ಎದ್ದು ಕಾಣುವ ಆಸೆ ತಪ್ಪಲ್ಲ. ಆದರೆ ತಮ್ಮ ಹುಟ್ಟುಹಬ್ಬದ ದಿನವೇ ಶಾಲೆಗೆ ಬಾರದೆ ಉಳಿಯುವ ಮಕ್ಕಳೂ ಇದ್ದಾರೆ. ಏಕೆಂದರೆ ಹಂಚಲು ಅವರ ಹತ್ತಿರ ಏನೂ ಇರುವುದಿಲ್ಲ.

ಕೆಲವು ಶಾಲೆಗಳಲ್ಲಿ ಚಾಕಲೇಟಿನ ಬದಲು ವಾಚನಾಲಯಕ್ಕೆ ಒಂದು ಪುಸ್ತಕ ಕೊಡುವ ರೂಢಿ ಇದೆ. ಒಳ್ಳೆಯ ರೂಢಿ. ಆದರೂ ಪುಸ್ತಕದ ಮೊದಲ ಪುಟದಲ್ಲಿ ಕೊಟ್ಟವರ ಹೆಸರು ಬರುತ್ತದೆ, ಕೊಡದವರ ಹೆಸರು ಬರುವುದಿಲ್ಲ. ಅದಕ್ಕಿಂತ ವರ್ಗದಲ್ಲಿ ಒಂದು ಮಣ್ಣಿನ ಗಲ್ಲೆ ಇಟ್ಟರೆ ಹೇಗೆ? ತಿಂಗಳಿಗೊಮ್ಮೆ ಸಾಧ್ಯವಾದವರು ಐದೈದು ರೂಪಾಯಿ ಹಾಕಲಿ. ಯಾದಿ ಬೇಡ. ಗಲ್ಲೆಯ ಬಾಯಿ ಚಿಕ್ಕದಿರುವುದರಿಂದ ಯಾರು ಹಾಕಿದರು, ಯಾರು ಬರಿಯ ಕೈ ಆಡಿಸಿದರು ಎಂಬುದು ಯಾರಿಗೂ ಕಾಣುವುದಿಲ್ಲ. 30 ಮಕ್ಕಳೂ ಹಾಕಿದರೆ ತಿಂಗಳಿಗೆ 150 ರೂಪಾಯಿ, ಶಾಲೆ ನಡೆಯುವ ಹತ್ತು ತಿಂಗಳಿಗೆ 1,500 ರೂಪಾಯಿ. ಒಂದು ಮನೆಗೆ ವರ್ಷಕ್ಕೆ ಬೀಳುವ ಖರ್ಚು 50 ರೂಪಾಯಿ. ಮೇಲೆ ಹೇಳಿದ 1,450 ರೂಪಾಯಿಯ ಜೊತೆಗೆ ಇದನ್ನು ಹೋಲಿಸಿರಿ. ನ್ಯಾಷನಲ್ ಬುಕ್ ಟ್ರಸ್ಟ್‌ನಂಥ ಸಂಸ್ಥೆಗಳು ಕನ್ನಡದಲ್ಲಿ ಮಕ್ಕಳ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಡುತ್ತವೆ. ವಿಜಯಪುರಕ್ಕೋ ಕಲಬುರಗಿಗೋ ಹೋಗುವವರ ಕೈಯಲ್ಲಿ ತರಿಸಬಹುದು. ಆ ತಿಂಗಳಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹೆಸರನ್ನೂ ಪುಸ್ತಕದಲ್ಲಿ ಒಟ್ಟಿಗೆ ಬರೆದರಾಯಿತು.

ಮಧ್ಯಾಹ್ನದ ಊಟದಲ್ಲಿಯೂ ಇದಕ್ಕೆ ದಾರಿಯಿದೆ. ಗುಜರಾತಿನ ಶಾಲೆಗಳಲ್ಲಿ ಊರಿನವರು ತಮ್ಮ ಮನೆಯ ಮದುವೆ, ಹುಟ್ಟುಹಬ್ಬಗಳ ನೆನಪಿಗಾಗಿ ಮಕ್ಕಳಿಗೆಲ್ಲ ಸಿಹಿಯನ್ನೋ ವಿಶೇಷ ಅಡಿಗೆಯನ್ನೋ ಬಡಿಸುವ 'ತಿಥಿ ಭೋಜನ' ಎಂಬ ಪದ್ಧತಿ ಬೆಳೆದುಬಂದಿತು. 2021ರಲ್ಲಿ ಮಧ್ಯಾಹ್ನದ ಊಟದ ಯೋಜನೆಗೆ 'ಪಿ.ಎಂ. ಪೋಷಣ್' ಎಂದು ಹೊಸ ಹೆಸರು ಬಂದಾಗ ಈ ಪದ್ಧತಿಯನ್ನು ಎಲ್ಲ ರಾಜ್ಯಗಳಲ್ಲಿಯೂ ಪ್ರೋತ್ಸಾಹಿಸಬೇಕೆಂದು ಹೇಳಲಾಯಿತು. ಇದಕ್ಕೆ ಮಹಾರಾಷ್ಟ್ರದಲ್ಲಿ 'ಸ್ನೇಹಭೋಜನ' ಎಂದೂ ಕರ್ನಾಟಕದಲ್ಲಿ 'ಶಾಲೆಗಾಗಿ ನಾವು ನೀವು' ಎಂದೂ ಹೆಸರಿದೆ. ದಿನದ ಊಟ ತಪ್ಪುವುದಿಲ್ಲ, ಅದರ ಜೊತೆಗೆ ಇದು ಸೇರುತ್ತದೆ. ಒಂದು ಬುಟ್ಟಿ ಬಾಳೆಹಣ್ಣು ತಂದರೂ ಸ್ನೇಹಭೋಜನವೇ. ನಾಲ್ಕೈದು ಮನೆಯವರು ಕೂಡಿ ಒಂದು ದಿನ ಗೋಧಿ ಹುಗ್ಗಿ ಮಾಡಿಸಿದರೂ ಆಗುತ್ತದೆ. ಮೊದಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು, ಅಡಿಗೆ ಶುಚಿಯಾಗಿರಬೇಕು. ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ದೊಡ್ಡವರ ಹುಟ್ಟುಹಬ್ಬಗಳಲ್ಲಿ ದವಾಖಾನೆಗೆ ಹೋಗಿ ರೋಗಿಗಳಿಗೆ ಬಾಳೆಹಣ್ಣು ಹಂಚುತ್ತ ಫೋಟೊ ತೆಗೆಸಿಕೊಳ್ಳುವುದನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಒಂದೇ ಬಾಳೆಹಣ್ಣನ್ನು ಆರು ಜನ ಹಿಡಿದುಕೊಂಡಿರುತ್ತಾರೆ! ಅದನ್ನು ಶಾಲೆಗೆ ತರುವುದು ಬೇಡ.

ಕೊನೆಗೆ ಒಂದು ವಿಚಿತ್ರವಾದ ಉಡುಗೊರೆಯ ಕಥೆ. ಆಂಗ್ಲ ಭಾಷೆಯಲ್ಲಿ ಮಕ್ಕಳಿಗಾಗಿ 'ಟ್ರೆಷರ್ ಐಲೆಂಡ್' ಎಂಬ ಕಾದಂಬರಿ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ತನ್ನ ಕೊನೆಯ ವರ್ಷಗಳನ್ನು ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಕಳೆದನು. ಅಲ್ಲಿ ಅವನಿಗೆ ಪರಿಚಯವಾದ ಒಬ್ಬ ಅಮೆರಿಕನ್ ಅಧಿಕಾರಿಗೆ ಆನಿ ಎಂಬ ಮಗಳಿದ್ದಳು. ಅವಳು ಹುಟ್ಟಿದ್ದು ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ. ಊರಿಗೆಲ್ಲ ಹಬ್ಬವಾದ ದಿನ ಅವಳ ಹುಟ್ಟುಹಬ್ಬವನ್ನು ಬೇರೆಯಾಗಿ ಯಾರು ನೆನೆಯುತ್ತಾರೆ? ಇದನ್ನು ಕೇಳಿದ ಸ್ಟೀವನ್‌ಸನ್ 1891ರ ಜೂನ್ ತಿಂಗಳಲ್ಲಿ ಕಾನೂನಿನ ಭಾಷೆಯಲ್ಲಿಯೇ ಒಂದು ದಾನಪತ್ರ ಬರೆದು, ನವೆಂಬರ್ 13ಕ್ಕೆ ಬರುವ ತನ್ನ ಹುಟ್ಟುಹಬ್ಬವನ್ನು ಅವಳಿಗೆ ಕೊಟ್ಟುಬಿಟ್ಟನು. ತನಗೆ ವಯಸ್ಸಾಗಿರುವುದರಿಂದ ಇನ್ನು ಅದರ ಉಪಯೋಗವಿಲ್ಲವೆಂದು ಅದರಲ್ಲಿ ಕಾರಣವನ್ನೂ ಕೊಟ್ಟಿದ್ದನು. ಆಗ ಅವನಿಗೆ ನಲವತ್ತು ವರ್ಷ!

ನೀವು ನಿಮ್ಮ ಹುಟ್ಟುಹಬ್ಬವನ್ನು ಪೂರ್ತಿಯಾಗಿ ಕೊಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಅರ್ಧ ಕೊಡಬಹುದು. ತಾರೀಖೇ ಇಲ್ಲದ ಅಜ್ಜಿ ಮನೆಯಲ್ಲಿದ್ದರೆ, ನಿಮ್ಮ ದಿನದಂದು ಅವಳನ್ನೂ ಪಕ್ಕದ ಮಣೆಯ ಮೇಲೆ ಕೂಡ್ರಿಸಿ ಆರತಿ ಬೆಳಗಲು ತಾಯಿಗೆ ಹೇಳಿ. ಆದರೆ ಮೊದಲು ಅಜ್ಜಿಯನ್ನು ಕೇಳಬೇಕು. ನಿಮ್ಮ ಹುಟ್ಟುಹಬ್ಬ ಮೇ ತಿಂಗಳಲ್ಲಿ ಬರುತ್ತಿದ್ದರೆ, "ಸೊಲ್ಲಾಪುರದ ಬಿಸಿಲಾಗ ನನಗೇಕೆ ಹಬ್ಬ? ಸಂಕ್ರಾಂತಿ ಹೊತ್ತಿಗೆ ನೋಡೋಣ" ಎಂದರೂ ಎಂದಾಳು.